ಮಿಲ್ಲಿನ ಲೈನಿಗೆ ಬೀಗರು ಬಂದರು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಪಾಪ, ಹಂಪವ್ವ ಹೇಳಿದ್ದು ಒಂದೇ. "ಮಿಲ್ ಬಂದಾಗಿ ನಾಕು ವರ್ಷಾತು, ಖರೆ. ಆದ್ರ ನಮ್ಮ ದುರುಗಪ್ಪನ ಹೆಸರು ಇನ್ನೂ ಹಾಜರಿ ಪುಸ್ತಕದಾಗ ಐತ್ರಿ. ಅರ್ಧ ಪಗಾರ ಮನಿಗೇ ಬರ್ತೈತಿ," ಎಂದು, ಮನೆ ನೋಡಲು ಬಂದಿದ್ದ ಹೆಣ್ಣಿನ ತಂದೆ ಮುದಿಯಪ್ಪನ ಮುಂದೆ ಚಹಾ ಇಟ್ಟಳು. ಮಗನಿಗೆ ಕಣ್ಣಿನಲ್ಲೇ ಸುಮ್ಮನಿರು ಎಂದಳು.

ಒಂದು ಕಾಲಕ್ಕೆ ಈ ಹತ್ತಿ ಮಿಲ್ಲಿನ ಕೆಲಸಗಾರರ ಲೈನ್ ಮನೆಗಳಿಗೆ ಹೆಣ್ಣು ಕೊಡಲು ಯಲಬುರ್ಗಾ ಕಡೆಯವರು ನಾ ಮುಂದು ತಾ ಮುಂದು ಎಂದು ಬರುತ್ತಿದ್ದರು. ಈಗ ನಾಯಿಯೂ ಮೂಸುತ್ತಿರಲಿಲ್ಲ. ದುರುಗಪ್ಪನಿಗೆ ಇಪ್ಪತ್ತೆಂಟು ತುಂಬಿತ್ತು. ಇದೂ ತಪ್ಪಿದರೆ ಇನ್ನಾರು ಬಂದಾರು ಎಂದು ಹಂಪವ್ವನ ಜೀವ ಹೊಡೆದುಕೊಳ್ಳುತ್ತಿತ್ತು.

ಆಗಲೇ ಬರಬೇಕೇ ಶಾಲೆಯ ಕಾಳಪ್ಪ ಮಾಸ್ತರು! ಬಗಲಲ್ಲಿ ಎಂಬತ್ತೊಂದರ ಜನಗಣತಿಯ ಕಾಗದಗಳ ಕಟ್ಟು.

"ನಾಳೆ ಬರ್ರಿ ಮಾಸ್ತರ, ಬೀಗರು ಬಂದಾರ."

"ಎರಡ ನಿಮಿಷದ ಕೆಲಸ ಹಂಪವ್ವಾ. ಈ ತಿಂಗಳದಾಗ ಮುಗಸ್ಬೇಕು." ಮಾಸ್ತರು ಕಟ್ಟೆಯ ಮೇಲೆ ಕೂತೇಬಿಟ್ಟರು. "ಮನ್ಯಾಗ ಎಷ್ಟು ಮಂದಿ?"

"ಇಬ್ಬರ್ರಿ."

"ಹತ್ತು ವರ್ಷದ ಹಿಂದ ನಾನ ಏಳು ಮಂದೀನ ಬರಕೊಂಡಿದ್ದೆ."

"ನಮ್ಮ ಯಜಮಾನ್ರು ತೀರಿಕೊಂಡ್ರು. ಉಳದ ನಾಕು ಮಂದಿ ಹೊಟ್ಟಿಪಾಡಿಗೆ ಊರು ಬಿಟ್ಟ್ರು."

ಮಾಸ್ತರು ಬರೆದುಕೊಂಡು ತಲೆ ಎತ್ತಿದರು. "ದುರುಗಪ್ಪಾ, ವರ್ಷದಾಗ ಹೆಚ್ಚು ದಿನ ಏನು ಕೆಲಸ ಮಾಡ್ತಿ?"

ಬೀಗರಿಗೆ ಹೇಳುವ ಸುಳ್ಳು ಬೇರೆ, ಸರ್ಕಾರದ ಕಾಗದದಲ್ಲಿ ಬರೆಸುವ ಸುಳ್ಳು ಬೇರೆ. ಏನು ಹೇಳಲೆಂದು ಹಂಪವ್ವ ತಡಕಾಡುವಷ್ಟರಲ್ಲಿ ಮಗ ಬಾಯಿ ಬಿಟ್ಟಿದ್ದ.

"ಶ್ರೀರಾಮನಗರದಾಗ ಭತ್ತದ ನಾಟಿ ಕೂಲಿ ರೀ. ದಿನಕ್ಕ ಆರು ರೂಪಾಯಿ. ಮಿಲ್ಲಿನಿಂದ ನಯಾಪೈಸಾ ಬರಂಗಿಲ್ಲ."

ಹೋಯಿತು, ಎಲ್ಲಾ ನೀರಲ್ಲಿ ಹೋಮ! ಹಂಪವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೇ ನಾಚಿಕೆಯಾಯಿತು. ಮುದಿಯಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ.

ಮುದಿಯಪ್ಪ ಕಪ್ಪು ಕೆಳಗಿಟ್ಟ. ಎದ್ದು ಹೋಗುತ್ತಾನೆಂದು ಹಂಪವ್ವ ಕಾದಳು. ಆತ ಏಳಲಿಲ್ಲ.

"ಅಕ್ಕಾರ, ನನ್ನದೂ ಒಂದು ತಪ್ಪೈತಿ," ಎಂದ. "ನನ್ನ ಮಗಳು ಹೊಸ್ತಿಲಾ ದಾಟಿದಾಕಿ ಅಲ್ಲ ಅಂತ ನಿಮಗ ಹೇಳಿ ಕಳಿಸಿದ್ನಲ್ಲಾ, ಅದು ಸುಳ್ಳು. ಮೂರು ವರ್ಷಾತು, ಆಕೀನೂ ಶ್ರೀರಾಮನಗರಕ್ಕ ನಾಟಿಗೆ ಹೋಗ್ತಾಳ. ಮಿಲ್ಲಿನ ಪಗಾರ ಎಣಿಸಿದ ಮಂದಿ, ಕೂಲಿಯಾಕೀನ ಒಲ್ಲೆ ಅಂದಾರು ಅಂತ ಅಂಜಿದ್ದೆ."

ಹಂಪವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು. "ಕೂಲಿಯಾಕಿ ಆದ್ರ ಏನ್ರೀ ಅಣ್ಣಾ, ದುಡಿಯೋ ಕೈ ಅಲ್ಲೇನು?" ಎಂದು ಕಣ್ಣೊರೆಸಿಕೊಂಡಳು.

ಮುದಿಯಪ್ಪ ಕಟ್ಟೆಯ ಕಡೆ ತಿರುಗಿದ. "ಮಾಸ್ತರ, ಮದುವಿ ಮುಂದಿನ ತಿಂಗಳಾ ಇಟ್ಕೊಂತೀವಿ. ನನ್ನ ಮಗಳ ಹೆಸರೂ ಈ ಮನ್ಯಾಗ ಬರಕೊಳ್ಳಾಕ ಬರ್ತೈತೇನ್ರಿ?"

ಮಾಸ್ತರು ಪೆನ್ನಿಗೆ ಮುಚ್ಚಳ ಹಾಕಿದರು.

"ಕಾಯ್ದೆ ಪ್ರಕಾರ ಬರಂಗಿಲ್ರಿ," ಎಂದರು. "ಆದ್ರ ಮುಂಜಾನಿಂದ ಇಪ್ಪತ್ತು ಮನಿ ತಿರಗೀನಿ, ಎಲ್ಲಾ ಕಡೆ ಮಂದಿ ಕಡಿಮಿ ಆದದ್ದ. ಒಬ್ಬರನ್ನ ಹೆಚ್ಚಿಗೆ ಬರಕೋ ಅಂದ ಮನಿ ಇದೊಂದ."