ಕೈಗುಣದ ಪರೀಕ್ಷೆ

ಬೀಗಗಳ ಆ ಸಗಟು ಮಳಿಗೆಯ ಮುಂದೆ ಅಂದು ಗುರುತರವಾದ ಪ್ರಶ್ನೆಯೊಂದು ನಿಂತಿತ್ತು: ಮಾಲೀಕರ ಅಕ್ಕನ ಮಗಳ ಕೈಗುಣ ಕೆಟ್ಟದ್ದೋ, ಅಲ್ಲವೋ?

ಬೆಳಿಗ್ಗೆ ಮಾಲೀಕರ ಭಾವಮೈದುನ ಬಿಲ್ಲಿಂಗಿಗೆ ಕೂತರೆ ಸರ್ವರ್ ಸಾಧುವಿನಂತೆ ನಡೆಯುತ್ತಿತ್ತು. ಊಟವಾದ ಮೇಲೆ ಅವಳು ಕೂತಳೋ, ಬಿಲ್ಲು ಅರ್ಧವಾಗುವಷ್ಟರಲ್ಲಿ ಸಂಪರ್ಕ ಕಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಮರಳುತ್ತಿತ್ತು. ಕಂಪ್ಯೂಟರ್ ರಿಪೇರಿಯವನು ನೆಟ್‌ವರ್ಕಿನ ಸ್ವಿಚ್ಚು, ಕಾರ್ಡು ಎರಡನ್ನೂ ಬದಲಾಯಿಸಿ ನೋಡಿದ್ದ. ಇನ್ನು ಬದಲಾಯಿಸಲು ಉಳಿದವಳು ಅವಳೊಬ್ಬಳೇ ಎಂದು ಭಾವಮೈದುನ ತೀರ್ಪು ಕೊಟ್ಟಿದ್ದ.

“ಸೋಮವಾರದಿಂದ ಗೋಡೌನಿಗೆ ಹೋಗಮ್ಮ. ಚಿಲಕ ಎಣಿಸೋದಿದೆ,” ಎಂದರು ಮಾಲೀಕರು, ಅವಳ ಮುಖ ನೋಡದೆ.

“ನನ್ನ ಕೈಗುಣ ಚಿಲಕಕ್ಕೂ ತಗುಲಿದ್ರೆ, ಮಾವ? ಕಳ್ಳರಿಗೆ ಹಬ್ಬ.”

ಮಾಲೀಕರು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಹೊಟ್ಟೆ ಕುಲುಕುವಂತೆ ನಕ್ಕರು. ಮೂಲೆಯಲ್ಲಿ ರಿಪೇರಿಯವನು ಪರದೆ ನೋಡುತ್ತಿದ್ದ. ಅವನ ಪ್ರೋಗ್ರಾಮು ಸರ್ವರನ್ನು ಕ್ಷಣಕ್ಷಣಕ್ಕೂ ‘ಇದ್ದೀಯಾ?’ ಎಂದು ಕೇಳುವಂಥದ್ದು. ಉತ್ತರ ನಿಂತುಹೋಯಿತು. ನಗು ಮುಗಿದು ಕುರ್ಚಿ ನೆಟ್ಟಗಾಯಿತು, ಉತ್ತರ ಬಂತು.

“ಅಕ್ಕಾ, ಸಾರ್‌ನ ಇನ್ನೊಂದು ಸಲ ನಗಿಸಿ,” ಎಂದ ರಿಪೇರಿಯವನು.

“ಇದೇನಯ್ಯಾ, ಸರ್ಕಸ್ಸಾ?” ಎಂದ ಭಾವಮೈದುನ.

“ಸಾರ್ ನಕ್ಕಾಗಲೇ ಲೈನ್ ಹೋಗ್ತಿದೆ.”

ಮಾಲೀಕರಿಗೆ ಇದು ಹಿಡಿಸಲಿಲ್ಲ. “ನಾನೇನು ಅಷ್ಟು ಸುಲಭಕ್ಕೆ ನಗೋ ಆಸಾಮಿ ಅಲ್ಲ,” ಎಂದು ತುಟಿ ಬಿಗಿದು ಕೂತರು.

ದಿನವಿಡೀ ನಾಲಿಗೆ ತುದಿಯಲ್ಲಿ ಕೂತಿರುತ್ತಿದ್ದ ತಮಾಷೆಗಳೆಲ್ಲ ಬೇಕಾದಾಗ ಅವಳಿಗೆ ಕೈಕೊಟ್ಟವು. ಗೋಡೌನಿನ ಧೂಳು ಕಣ್ಣಮುಂದೆ ಬಂತು. ಕೊನೆಗೆ ನಿಟ್ಟುಸಿರಿಟ್ಟು ಹೇಳಿದಳು:

“ನಿಜ ಮಾವ. ನಿಮ್ಮ ಮದುವೆ ಫೋಟೋ ನೋಡಿದೀನಿ.”

ವಧುವಿನ ತಮ್ಮನಾದ ಭಾವಮೈದುನನ ಮುಖ ಕೆಂಪಾಯಿತು. ಮಾಲೀಕರ ಮೀಸೆ ಮೊದಲು ನಡುಗಿತು, ಆಮೇಲೆ ಹೊಟ್ಟೆ, ಆಮೇಲೆ ಕುರ್ಚಿ. ಪರದೆಯಲ್ಲಿ ಉತ್ತರ ನಿಂತಿತು.

ರಿಪೇರಿಯವನು ಮಂಡಿಯೂರಿ ನೆಲಹಾಸು ಎತ್ತಿದ. ಸರ್ವರಿನ ಕೇಬಲ್ಲು ಅದರಡಿ ಹಾದುಹೋಗಿತ್ತು. ವಾಲಿದ ಕುರ್ಚಿಯ ಹಿಂಗಾಲಿನ ಚಕ್ರ, ಮಾಲೀಕರ ಪೂರ್ತಿ ಭಾರ ಹೊತ್ತು, ಸರಿಯಾಗಿ ಅದರ ಮೇಲೆಯೇ ಕೂತಿತ್ತು.

“ಸರಿ, ಹಾಗಿದ್ರೆ ಬೆಳಿಗ್ಗೆ ಯಾಕೆ ಹೋಗ್ತಿರಲಿಲ್ಲ?” ಎಂದು ಮಾಲೀಕರು ಕಣ್ಣೊರೆಸಿಕೊಳ್ಳುತ್ತ ಕೇಳಿದರು.

ಎಲ್ಲರೂ ಭಾವಮೈದುನನನ್ನು ನೋಡಿದರು.

ಹೊಸ ಕೇಬಲ್ಲನ್ನು ಗೋಡೆಗುಂಟ ಎಳೆಯಲಾಯಿತು. ಅವಳು ಈಗ ಬೆಳಿಗ್ಗೆಯೂ ಬಿಲ್ಲಿಂಗಿಗೆ ಕೂರುತ್ತಾಳೆ.