ಆಲದಮರದ ಎಲೆ

ತಿಥಿ ಕಾರ್ಡನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಓದಿದ ಕೈಯಲ್ಲೇ ಹರಿದು ಬೀದಿಗೆ ಎಸೆಯುತ್ತಾರೆ. ಮಹದೇವಯ್ಯ ಅವನ್ನೇ ಆಯ್ದು ತರುತ್ತಿದ್ದ. ಅಕ್ಷರವಿದ್ದ ಚೂರುಗಳನ್ನು ಬಚ್ಚಲ ಒಲೆಗೆ ಹಾಕಿ, ಸತ್ತವರ ಫೋಟೊಗಳನ್ನಷ್ಟೇ ಎಲೆಗಳಂತೆ ಅಂಟಿಸಿ, ಗೋಡೆಯಗಲದ ಆಲದಮರವೊಂದನ್ನು ಮಾಡಿದ್ದ.

ಅದನ್ನು ಪ್ರದರ್ಶನಕ್ಕಿಟ್ಟ ದಿನ ಹೆಂಗಸೊಬ್ಬಳು ಆ ಮರದ ಮುಂದೆ ನಿಂತವಳು ಕದಲಲೇ ಇಲ್ಲ. ದೊಡ್ಡ ಮೂಗುಬೊಟ್ಟಿನ ಮುದುಕಿಯೊಬ್ಬಳ ಮುಖವನ್ನು ಬೆರಳಿನಿಂದ ಸವರುತ್ತಿದ್ದಳು. ಮಹದೇವಯ್ಯ ದೂರದಿಂದಲೇ ಅದನ್ನು ನೋಡಿದ. ಇಂಥದೊಂದು ಜಗಳ ಬಂದೇ ಬರುತ್ತದೆಂದು ಹೆಂಡತಿ ಮೊದಲೇ ಬೈದಿದ್ದಳು.

"ನಿಮ್ಮೋರಾ ತಾಯಿ?" ಎಂದು ಹತ್ತಿರ ಹೋಗಿ ಕೇಳಿದ.

"ನಮ್ಮವ್ವ."

"ತಪ್ಪಾಯ್ತು ಕಣವ್ವ. ಒಂದ್ ಮಾತು ಕೇಳ್ದೆ ಅಂಟಿಸ್ಬುಟ್ಟೆ. ಈಗ್ಲೇ ಕಿತ್ತು ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ."

"ಕೀಳ್ಬೇಡಿ. ಅಲ್ಲೇ ಇರ್ಲಿ."

"ಕೋಪ ಇಲ್ವಾ ಹಂಗಾದ್ರೆ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಜಾತಿ ಬಿಟ್ಟು ಮದ್ವೆ ಆದೆ ಅಂತ, ಅವ್ವ ಸತ್ತಿದ್ನ ನಂಗ್ಯಾರೂ ಹೇಳೇ ಇಲ್ಲ. ಕಾರ್ಡಲ್ಲಿ ತಾರೀಕು ಇದ್ದಿರ್ಬೇಕಲ್ವಾ ಅಣ್ಣಾ, ನಮ್ಮವ್ವ ಹೋಗಿದ್ದು ಯಾವತ್ತು?"