ನಾಲ್ಕು ದಾರಿಗೆ ಒಂದು ಬೋರ್ಡು

ಬಂಗುಡೆ ಮೀನಿನ ಹೊಟ್ಟೆ ಸೀಳುತ್ತಿದ್ದ ಉರ್ಸುಲಾ ಕತ್ತಿ ಕೆಳಗಿಟ್ಟು, ಜಗಲಿಯ ಗೋಡೆಗೆ ಮಸಿಯಿಂದ ಇನ್ನೊಂದು ಗೆರೆ ಎಳೆದಳು. ಹೆಂಚಿನ ಲಾರಿ. ಇನ್ನೂರ ಹನ್ನೊಂದು.

"ಸಾಕಲ್ಲ, ಓವರ್ಸಿಯರ್ರೇ?"

ಬಿಸಿಲಿಗೆ ಕೊಡೆ ಹಿಡಿದು ಅಡ್ಡರಸ್ತೆಯ ಮೂಲೆಯಲ್ಲಿ ನಿಂತಿದ್ದ ಮುನಿಸಿಪಾಲಿಟಿಯ ಲೋಕನಾಥ ಗೇಟು ದಾಟಿ ಬಂದು ಗೋಡೆ ನೋಡಿದ. ನಕ್ಕ.

"ಇದರಲ್ಲಿ ಎತ್ತಿನ ಗಾಡಿ ಎಷ್ಟು, ಬಾಯಮ್ಮನವರೇ? ಸೈಕಲ್ ಎಷ್ಟು?"

"ಚಕ್ರ ಉಂಟಲ್ಲ?"

"ಚಕ್ರ ಇದ್ದರೆ ಸಾಲದು, ಮೋಟಾರು ಇರಬೇಕು. ನನ್ನ ಲೆಕ್ಕದಲ್ಲಿ ಅರವತ್ತೆರಡು. ಇನ್ನೂರಾಗದೆ ಬೋರ್ಡು ಹಾಕಲಿಕ್ಕೆ ಆಗುವುದಿಲ್ಲ. ಇಲ್ಲವಾದರೆ ಇಲ್ಲೊಂದು ಅಪಘಾತ ಆದ ದಾಖಲೆ ಬೇಕು. ಅದೂ ಇಲ್ಲ. ಇವತ್ತು ಸಂಜೆ ಫೈಲು ಮುಚ್ಚುವುದೇ."

ಅತ್ತಾವರದ ಈ ಮೂಲೆಯಲ್ಲಿ ನಾಲ್ಕು ದಾರಿ ಸೇರುತ್ತವೆ. ಕಂಪೌಂಡ್ ಗೋಡೆಗಳು ಎತ್ತರ. ಅಡ್ಡದಿಂದ ಬರುವುದು ಮೈಮೇಲೆ ಬಂದ ಮೇಲೆಯೇ ಕಾಣುವುದು. 'ನಿಂತು ಹೋಗಿ' ಎಂಬ ಒಂದು ಬೋರ್ಡಿಗಾಗಿ ಉರ್ಸುಲಾ ಆಫೀಸಿನ ಮೆಟ್ಟಿಲು ಹತ್ತಲು ಶುರುಮಾಡಿ ಮೂರು ವರ್ಷ. ಗಂಡ ಇಲ್ಲ, ಮಗ ವಿಲ್ಲಿ ಬೊಂಬಾಯಿಯಲ್ಲಿ, ಮೊಮ್ಮಕ್ಕಳಿಲ್ಲ. ಮುದುಕಿಗೆ ಹೊತ್ತು ಹೋಗುವುದಿಲ್ಲ ಎಂದರು ನೆರೆಯವರು. "ಶಾಲೆಯ ಮಕ್ಕಳು ನಡೆಯುವ ದಾರಿ" ಎಂದಷ್ಟೇ ಅವಳ ಉತ್ತರ.

ಅಷ್ಟರಲ್ಲಿ ಮೀನು ಮಾರುವ ಲಕ್ಷ್ಮೀ ಖಾಲಿ ಬುಟ್ಟಿಯೊಂದಿಗೆ ಬಂದು ಮೆಟ್ಟಿಲ ಮೇಲೆ ಕುಳಿತಳು.

"ಒಬ್ಬರಿಗೆ ಹನ್ನೆರಡು ಬಂಗುಡೆ ಎಂತಕ್ಕೆ ಬಾಯಮ್ಮ? ಅತ್ತಾವರದ ಬೆಕ್ಕುಗಳೆಲ್ಲ ನಿಮ್ಮ ಹೆಸರು ಹೇಳಿಯೇ ಉಣ್ಣುವುದು."

ಉರ್ಸುಲಾ ನೀರಿನ ಚೊಂಬು, ಬೆಲ್ಲ ತಂದಿಟ್ಟಳು. ಲೋಕನಾಥ ಲಕ್ಷ್ಮಿಯತ್ತ ತಿರುಗಿದ.

"ಮೂರು ವರ್ಷದ ಹಿಂದೆ ನಿನ್ನ ಮಗಳು ಅಮ್ಮಣ್ಣಿ ತೀರಿಹೋದದ್ದು ಇಲ್ಲೇ ಅಲ್ವಾ ಮಾರಾಯ್ತಿ? ಮೋಟಾರು ತಾಗಿತೆಂದು ಒಂದು ಹೆಬ್ಬೆಟ್ಟು ಒತ್ತು. ನಾಳೆಯೇ ಬೋರ್ಡು."

ಲಕ್ಷ್ಮೀ ನೀರು ಕುಡಿಯುವುದನ್ನು ನಿಲ್ಲಿಸಿದಳು.

"ಸುಳ್ಳು ಎಂತಕ್ಕೆ ಧಣಿಗಳೇ? ಚರಂಡಿಗೆ ಜಾರಿದಳು, ತಲೆ ಕಲ್ಲಿಗೆ ಬಡಿಯಿತು. ಎಂಟು ವರ್ಷದ ಮಗುವಿನ ತಲೆ ಮೇಲೆ, ಆಟಿ ತಿಂಗಳ ಜಡಿಮಳೆಯಲ್ಲಿ, ಒಣಮೀನಿನ ಬುಟ್ಟಿ ಹೊರಿಸಿದವಳು ನಾನು. ಕೊಂದದ್ದು ನಾನೇ. ಅದಕ್ಕೆ ಬೋರ್ಡು ಉಂಟಾ?"

ಲೋಕನಾಥ ಲೆಕ್ಕದ ಪುಸ್ತಕ ಮಡಚಿದ.

ಉರ್ಸುಲಾ ಒಳಗೆ ಹೋದಳು. ಕೈ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಹೊರಗೆ ಬಂದಾಗ ಅವಳ ಕೈಯಲ್ಲೊಂದು ಲಕೋಟೆ. ಅಂಚುಗಳು ಹಳದಿಯಾಗಿದ್ದವು.

"ಓವರ್ಸಿಯರ್ರೇ, ಫೈಲು ಇನ್ನೊಂದು ವಾರ ಮುಚ್ಚಬೇಡಿ."

"ಮಗನ ಕಾಗದವಾ ಬಾಯಮ್ಮ?" ಲಕ್ಷ್ಮೀ ಎದ್ದಳು. "ಕೊಡಿ, ಅಂಚೆ ಡಬ್ಬ ನನ್ನ ದಾರಿಯಲ್ಲೇ ಉಂಟು."

"ಬೇಡ ಲಕ್ಷ್ಮೀ. ನಾನೇ ಹಾಕಬೇಕಾದ್ದು. ಮೂರು ವರ್ಷ ತಡವಾಯಿತು."

"ಬರಲಿಕ್ಕೆ ಹೇಳಿ ಅವನಿಗೆ. ತಾಯಿಯ ಮುಖ ನೋಡುವುದು ಬೇಡವಾ?"

"ಬರ್ತಾನೆ," ಎಂದಳು ಉರ್ಸುಲಾ. "ಈ ಸಲ ಬರಲೇಬೇಕಾಗ್ತದೆ."

ತಿರುವಿನವರೆಗೆ ಇಬ್ಬರೂ ಜೊತೆಯಾಗಿ ನಡೆದರು. ಲಕ್ಷ್ಮೀ ಅಡ್ಡರಸ್ತೆ ದಾಟಿ ಹೋಗುವವರೆಗೂ ಉರ್ಸುಲಾ ಕಾದಳು. ಆಮೇಲೆ ಡಬ್ಬದ ಬಾಯಿಗೆ ಲಕೋಟೆ ಹಿಡಿದು, ಒಮ್ಮೆ ಶಿಲುಬೆಯ ಗುರುತು ಹಾಕಿ, ಬೆರಳು ಸಡಿಲಿಸಿದಳು.

ಅದರ ಮೇಲಿದ್ದದ್ದು ಪೊಲೀಸ್ ಠಾಣೆಯ ವಿಳಾಸ, ಒಳಗಿದ್ದದ್ದು ಎರಡೇ ಸಾಲು: "ಅಮ್ಮಣ್ಣಿ ಜಾರಿ ಬಿದ್ದದ್ದಲ್ಲ, ನನ್ನ ಮಗ ವಿಲ್ಲಿಯ ಕಾರು ಬಡಿದು ಬಿದ್ದದ್ದು. ಆ ದಿನ ಕಾರಿನ ರಕ್ತ ತೊಳೆದವಳು ನಾನು."